ಬೆಂಕಿ ಬೀಳದ ದಿನದ ಕೆಲಸ

(ಮಲೆನಾಡಿನ ಕಾಡ್ಗಿಚ್ಚನ್ನು ಕುರಿತು ಸಾಗರದಲ್ಲಿ ಕೃಷಿಕರು ಹಾಗೂ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಕಾಡಿನ ಅಂಚಿನಲ್ಲೇ ಬದುಕಿದ ನಿಮ್ಮೆದುರು ಕಾಡಿನ ಬಗ್ಗೆ ಮಾತನಾಡಲು ನನಗೆ ಸಂಕೋಚವಿದೆ. ಅರಣ್ಯಶಾಸ್ತ್ರ ನಾನು ಓದಿದ ವಿಷಯವಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪತ್ರಿಕೆಗೆ ಸೇರಿ ಕೆಲವೇ ವರ್ಷಗಳಾಗಿವೆ. ಕಾಡಿಗೆ ಬೆಂಕಿ ಬಿತ್ತೆಂದು ಸುದ್ದಿ ಬಂದರೆ ನಾವು ಓಡುತ್ತೇವೆ; ಎಲ್ಲಿ, ಎಷ್ಟು ಎಕರೆ, ಯಾರ ನಿರ್ಲಕ್ಷ್ಯ ಎಂಬ ಮೂರು ಪ್ರಶ್ನೆ ಕೇಳಿ ಹಿಂದಿರುಗುತ್ತೇವೆ. ನಾನೂ ಹಾಗೆಯೇ ಬರೆದಿದ್ದೇನೆ. ಒಮ್ಮೆ ಹೊಸನಗರದ ಕಡೆ ಸುಟ್ಟ ಬೆಟ್ಟವೊಂದನ್ನು ನೋಡಲು ಹೋದಾಗ, ಬೆಂಕಿ ಬಿದ್ದ ದಿನ ಬರುವ ನೀವು ಬೀಳದ ದಿನ ಯಾಕೆ ಬರುವುದಿಲ್ಲ ಎಂದು ಹಿರಿಯ ತೋಟಗಾರರೊಬ್ಬರು ಕೇಳಿದರು. ಆಗ ನನ್ನ ಬಳಿ ಉತ್ತರವಿರಲಿಲ್ಲ. ಇಂದಿನ ಮಾತು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಸಾಗರ, ಹೊಸನಗರ, ತೀರ್ಥಹಳ್ಳಿ ಎಂದರೆ ಹೊರಗಿನವರ ಕಣ್ಣಿಗೆ ಮಳೆಯೇ ಕಾಣುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹೊಸನಗರದ ಹುಲಿಕಲ್ಲಿನದೂ ಅದೇ ಕತೆ. ಇಷ್ಟು ಮಳೆಯ ನಾಡಿಗೆ ಬೆಂಕಿಯ ಭಯವೇಕೆ? ಈ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಲ್ಕೇ ತಿಂಗಳಲ್ಲಿ ಸುರಿದು ಹೋಗುತ್ತದೆ. ಡಿಸೆಂಬರ್ ಕಳೆದ ಮೇಲೆ ಬ್ಯಾಣದ ಹುಲ್ಲು ಕರಡವಾಗುತ್ತದೆ, ಮರಗಳು ಎಲೆ ಉದುರಿಸುತ್ತವೆ, ಯುಪಟೋರಿಯಂ ಪೊದೆಗಳು ಕಡ್ಡಿಯಾಗುತ್ತವೆ. ಮಳೆ ಹೆಚ್ಚಿದಷ್ಟೂ ಹುಲ್ಲು ಸೊಪ್ಪು ಹೆಚ್ಚು. ಅದೆಲ್ಲ ಒಣಗಿದರೆ ಉರುವಲೂ ಅಷ್ಟೇ ಹೆಚ್ಚು.

ಟಿವಿಯಲ್ಲಿ ನಾವು ನೋಡುವ ಕ್ಯಾಲಿಫೋರ್ನಿಯಾದ ಬೆಂಕಿ ಮರದ ತಲೆಯಿಂದ ತಲೆಗೆ ಹಾರುತ್ತದೆ. 2018ರಲ್ಲಿ ಅಲ್ಲಿನ ಪ್ಯಾರಡೈಸ್ ಪಟ್ಟಣವನ್ನು ಸುಟ್ಟ ಬೆಂಕಿಗೆ 85 ಮಂದಿ ಬಲಿಯಾದರು. ನಮ್ಮದು ಹೆಚ್ಚಾಗಿ ನೆಲಬೆಂಕಿ. ಒಣಗಿದ ದರಕನ್ನು ತಿನ್ನುತ್ತಾ ಮೊಳಕಾಲೆತ್ತರದಲ್ಲಿ ತೆವಳುತ್ತದೆ. ದೊಡ್ಡ ಮರಗಳು ಬುಡ ಕಪ್ಪಾಗಿಸಿಕೊಂಡು ಉಳಿಯುತ್ತವೆ. ಮುಂಗಾರು ಬಿದ್ದೊಡನೆ ಬೆಟ್ಟ ಮತ್ತೆ ಹಸಿರಾಗುತ್ತದೆ, ನಾವೂ ಮರೆಯುತ್ತೇವೆ. ಆದರೆ ಆ ಬೆಂಕಿಯಲ್ಲಿ ಎಳೆಯ ಸಸಿಗಳು ಸತ್ತಿರುತ್ತವೆ. ವರ್ಷ ಬಿಟ್ಟು ವರ್ಷ ಹೀಗೇ ಆದರೆ ಮರ ಇರುತ್ತದೆ, ಮರಿ ಇರುವುದಿಲ್ಲ. ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಹಿರಿಯರಿಬ್ಬರೇ ಉಳಿದ ಮನೆಯ ಹಾಗೆ ಕಾಡೂ ಆಗುತ್ತದೆ.

ಬೆಂಕಿ ಹಚ್ಚುವವರು ಯಾರು? ಬಿದಿರಿಗೆ ಬಿದಿರು ತಿಕ್ಕಿ ಬೆಂಕಿ ಹುಟ್ಟುತ್ತದೆಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ವಾಸ್ತವವಾಗಿ ನಮ್ಮ ದೇಶದ ಕಾಡ್ಗಿಚ್ಚುಗಳ ಪೈಕಿ ಬಹುತೇಕ ಎಲ್ಲವೂ ಮನುಷ್ಯನ ಕೈಯಿಂದ ಬಂದವು. ದನಕ್ಕೆ ಎಳೆಹುಲ್ಲು ಚಿಗುರಲೆಂದು, ಜೇನು ಕೀಳಲೆಂದು, ತೋಟದ ಕಸ ಸುಡಲೆಂದು ಹಚ್ಚಿದ್ದು, ಎಸೆದ ಬೀಡಿ, ಕೆಲವೊಮ್ಮೆ ಇಲಾಖೆಯ ಮೇಲಿನ ಸಿಟ್ಟು. ಇವೆಲ್ಲ ಹಿಂದೆಯೂ ಇದ್ದವು. ಹಾಗಾದರೆ ಈಗ ಬದಲಾಗಿದ್ದೇನು?

ಒಂದು, ಹವೆ. ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿಯ ಪ್ರಕಾರ 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. ಇದು ಅಲ್ಪವೆಂದು ಕಾಣಬಹುದು. ಆದರೆ ಗಾಳಿಯ ಉಷ್ಣ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಶೇಕಡಾ 7ರಷ್ಟು ಹೆಚ್ಚುತ್ತದೆ. ಮಳೆಗಾಲದಲ್ಲಿ ಇದರಿಂದ ಒಮ್ಮೆಲೇ ಭಾರಿ ಮಳೆ. ಬೇಸಗೆಯಲ್ಲಿ ಅದೇ ಗಾಳಿ ಮಣ್ಣಿನಿಂದ, ಎಲೆಯಿಂದ ಹೆಚ್ಚು ತೇವ ಹೀರುತ್ತದೆ. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಆಯಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಮಳೆ ಬೇಗ ಕೈಕೊಟ್ಟ ವರ್ಷ ಕಾಡು ಬೇಗ ಒಣಗುತ್ತದೆ. ಶಿವರಾತ್ರಿಯ ಹೊತ್ತಿಗೆ ನಿರೀಕ್ಷಿಸುತ್ತಿದ್ದ ಬೆಂಕಿ ಸಂಕ್ರಾಂತಿಗೇ ಬಂದರೆ, ಬೆಂಕಿರೇಖೆ ಕಡಿಯುವ ಕೆಲಸ ಇನ್ನೂ ಮುಗಿದಿರುವುದಿಲ್ಲ.

ಎರಡು, ಕಾಡಿನ ಜೊತೆಗಿನ ನಮ್ಮ ಸಂಬಂಧ. ಈ ಮೂರು ತಾಲ್ಲೂಕುಗಳ ಅಡಿಕೆ ತೋಟಗಳ ಬೆನ್ನಿಗೆ ಸೊಪ್ಪಿನಬೆಟ್ಟಗಳಿವೆ. ಬೆಟ್ಟದಿಂದ ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಅದು ಗೊಬ್ಬರವಾಗಿ ತೋಟ ಸೇರುವುದು ಹಳೆಯ ಪದ್ಧತಿ. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೇ ಕಲಮು ಹಳೆಯ ಮೈಸೂರು ಭಾಗದ ಕಾನು ಮತ್ತು ಸೊಪ್ಪಿನಬೆಟ್ಟಗಳ ಸೌಲಭ್ಯವನ್ನು ಹೆಸರಿಸಿಯೇ ಉಳಿಸಿಕೊಟ್ಟಿದೆ. ಈ ಪದ್ಧತಿಯನ್ನು ಗೊಬ್ಬರದ ಲೆಕ್ಕದಲ್ಲಿ ಮಾತ್ರ ನೋಡಿದ್ದೇವೆ. ಆದರೆ ಮನೆಮನೆಯವರೂ ಚಳಿಗಾಲ ಮುಗಿಯುವ ಹೊತ್ತಿಗೆ ದರಕು ಗುಡಿಸಿ ತಂದಾಗ, ಬೆಂಕಿಯ ಮೇವನ್ನೇ ಹೊತ್ತು ತಂದಂತಾಗುತ್ತಿತ್ತು. ಬೆಟ್ಟ ಉರಿದರೆ ತೋಟಕ್ಕೆ ಸೊಪ್ಪಿಲ್ಲ ಎಂಬ ಭಯವಿದ್ದುದರಿಂದ ಹೊಗೆ ಕಂಡೊಡನೆ ಹಸಿಸೊಪ್ಪಿನ ಕೊಂಬೆ ಹಿಡಿದು ಓಡುವವರೂ ಇದ್ದರು.

ಕೊಟ್ಟಿಗೆಯಲ್ಲಿ ದನ ಕಡಿಮೆಯಾದವು. ಕೂಲಿ ದುಬಾರಿಯಾಯಿತು, ಓಡಬೇಕಾದ ಯುವಕರು ಊರು ಬಿಟ್ಟರು. ಬೆಟ್ಟದಲ್ಲಿ ದರಕು ಉಳಿಯಿತು. ಇದರ ಮೇಲೆ ಅಕೇಶಿಯಾ ಬಂತು. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆಂದು 1980ರಲ್ಲಿ 40 ವರ್ಷದ ಗೇಣಿಗೆ ಕೊಟ್ಟ ಅರಣ್ಯಭೂಮಿಯಲ್ಲಿ ಅಕೇಶಿಯಾ, ನೀಲಗಿರಿ ಬೆಳೆದವು. ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. 2020ರಲ್ಲಿ ಗೇಣಿಯ ಅವಧಿಯನ್ನು ಮತ್ತೆ ವಿಸ್ತರಿಸಿದಾಗ ಜಿಲ್ಲೆಯಲ್ಲಿ ಚಳವಳಿಯೇ ನಡೆಯಿತು. ಅಕೇಶಿಯಾದ ಎಲೆ ಗಡುಸು. ಬೇಗ ಕೊಳೆಯದೆ ಮರದ ಬುಡದಲ್ಲಿ ದಪ್ಪ ಹಾಸಾಗಿ ಕೂರುತ್ತದೆ. ಅದು ಗೊಬ್ಬರಕ್ಕೂ ಒದಗುವುದು ನಿಧಾನ, ಬೆಂಕಿಗೆ ಮಾತ್ರ ಕೂಡಲೇ ಒದಗುತ್ತದೆ.

ಮಂಗನಕಾಯಿಲೆಯನ್ನೂ ಇಲ್ಲಿ ನೆನೆಯಬೇಕು. 1957ರಲ್ಲಿ ನೆರೆಯ ಸೊರಬದ ಕ್ಯಾಸನೂರಿನಲ್ಲಿ ಗುರುತಿಸಿದ ಈ ರೋಗ 2018-19ರಲ್ಲಿ ನಿಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಜೀವಗಳನ್ನು ತೆಗೆಯಿತು. ರೋಗ ಹರಡುವ ಉಣುಗುಗಳು ಕಾಡಿನ ಒಣ ಎಲೆಗಳಲ್ಲಿರುತ್ತವೆ. ರೋಗದ ಕಾಲವೂ ಡಿಸೆಂಬರ್‌ನಿಂದ ಮೇ. ಅಂದರೆ ದರಕು ತರುವ ಕಾಲ, ಬೆಂಕಿಯ ಕಾಲ, ರೋಗದ ಕಾಲ ಮೂರೂ ಒಂದೇ. ಹಿಂದಿನಂತೆ ಕಾಡಿಗೆ ಹೋಗಿ ದರಕು ಗುಡಿಸಿ ಎಂದು ವೇದಿಕೆಯ ಮೇಲೆ ನಿಂತು ಹೇಳುವುದು ಸುಲಭ. ಹೋಗುವವರಿಗೆ ಉಣುಗು ತಡೆಯುವ ತೈಲ, ಮೈಮುಚ್ಚುವ ಬಟ್ಟೆ, ಮಂಗ ಸತ್ತ ಜಾಗದ ಮಾಹಿತಿ ಮೊದಲು ಸಿಗಬೇಕು.

ಬೆಂಕಿಯ ಬಗ್ಗೆ ಸರ್ಕಾರದ ಕಠಿಣ ನಿಲುವಿನ ಬೇರೂ ಈ ಸೀಮೆಯಲ್ಲಿದೆ. ಹೊಸನಗರದ ನಗರದ ಹೆಸರನ್ನೇ ಹೊತ್ತಿದ್ದ ಮೈಸೂರು ಸಂಸ್ಥಾನದ ‘ನಗರ ವಿಭಾಗ’ದಲ್ಲಿ 1840ರ ದಶಕದಲ್ಲಿ ವೈದ್ಯನಾಗಿದ್ದವನು ಹ್ಯೂ ಕ್ಲೆಗ್‌ಹಾರ್ನ್. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಆತ ಇಲ್ಲಿ ಕಂಡು ಬಲವಾಗಿ ವಿರೋಧಿಸಿದ. 1856ರಲ್ಲಿ ಆತ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಕಾಡಿನಲ್ಲಿ ಯಾವ ಬೆಂಕಿಯೂ ಕೂಡದೆಂಬುದು ಕಾಲಕ್ರಮೇಣ ನಿಯಮವಾಯಿತು. ಇದಕ್ಕೆ ಇನ್ನೊಂದು ಮುಖವೂ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯ ಮೊದಲಿಗೇ ಸಣ್ಣದಾಗಿ ‘ತರಗು ಬೆಂಕಿ’ ಹಚ್ಚುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹೆಚ್ಚಿತೆಂಬುದು ಅವರ ಅನುಭವ, ಸಂಶೋಧಕರೂ ಅದನ್ನು ಗಂಭೀರವಾಗಿ ಪರಿಗಣಿಸಿದ್ದಾರೆ. ಹಾಗೆಂದು ಅದನ್ನು ಇಲ್ಲಿ ನಕಲು ಮಾಡಬಾರದು. ಅಲ್ಲಿನದು ಬಹುಪಾಲು ಎಲೆಯುದುರುವ ಕಾಡು. ನಮ್ಮ ನಿತ್ಯಹರಿದ್ವರ್ಣದ ಮರಗಳಿಗೆ ಬೆಂಕಿಯ ಅಭ್ಯಾಸವಿಲ್ಲ. ನಮ್ಮ ರಕ್ಷಣೆ ಇರುವುದು ಕಾನಿನಲ್ಲಿ. ದಟ್ಟ ಕಾನಿನ ಒಳಗೆ ಬಿಸಿಲು ಬೀಳುವುದಿಲ್ಲ, ನೆಲ ಬೇಗ ಒಣಗುವುದಿಲ್ಲ. ಬ್ಯಾಣದಿಂದ ಬಂದ ಬೆಂಕಿ ಅದರ ಅಂಚಿನಲ್ಲಿ ಸೊರಗುತ್ತದೆ. ಕಾನಿನ ಅಂಚು ಕಡಿದಷ್ಟೂ ಆ ಗೋಡೆ ಒಡೆಯುತ್ತದೆ.

ಇಂದು ಉಪಗ್ರಹಗಳು ಬೆಂಕಿಯನ್ನು ಪತ್ತೆ ಹಚ್ಚುತ್ತವೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಎಚ್ಚರಿಕೆ ಕಳಿಸುತ್ತಿದೆ. ಆದರೆ ಮರದ ನೆರಳಲ್ಲಿ ತೆವಳುವ ಸಣ್ಣ ಬೆಂಕಿ ಮೇಲಿನ ಕಣ್ಣಿಗೆ ಬೀಳದೆ ಇರಬಹುದು. ಕಂಡರೂ ಆರಿಸಲು ಮನುಷ್ಯನೇ ನಡೆದು ಹೋಗಬೇಕು. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಾಡುಮನೆಯಲ್ಲಿ ಹಾಗೆ ನಡೆದು ಹೋದ ಅರಣ್ಯ ಸಿಬ್ಬಂದಿ ಹಿಂದಿರುಗಲಿಲ್ಲ. ಇಳಿಜಾರು 10 ಡಿಗ್ರಿ ಹೆಚ್ಚಿದರೆ ಮೇಲೇರುವ ಬೆಂಕಿಯ ವೇಗ ಸುಮಾರು ಇಮ್ಮಡಿಯಾಗುತ್ತದೆ. ಬೆಂಕಿಯ ಮೇಲ್ಭಾಗದಲ್ಲಿ ನಿಲ್ಲಬಾರದು ಎಂಬುದನ್ನು ಪ್ರತಿ ಶಾಲೆಯಲ್ಲೂ ಹೇಳಿಕೊಡಬೇಕು.

ಕೊನೆಗೆ, ತೋಟಗಾರರ ಪ್ರಶ್ನೆಗೆ ಬರುತ್ತೇನೆ. ಬೆಂಕಿ ಬೀಳದ ದಿನ ಮಾಡಬೇಕಾದ ಕೆಲಸಗಳಿವೆ. ಡಿಸೆಂಬರ್ ಮುಗಿಯುವುದರೊಳಗೆ ಬೆಟ್ಟಕ್ಕೂ ಬ್ಯಾಣಕ್ಕೂ ನಡುವೆ, ರಸ್ತೆಯ ಬದಿಗೆ ಬೆಂಕಿರೇಖೆ ಗುಡಿಸುವುದು. ತೋಟದ ಕಸವನ್ನು ಸುಡುವ ಬದಲು ಕೊಳೆಸುವುದು. ದಿನಗೂಲಿಯ ಬೆಂಕಿ ಕಾವಲುಗಾರನಿಗೆ ಒಳ್ಳೆಯ ಬೂಟು, ನೀರು, ವಿಮೆ ಇದೆಯೇ ಎಂದು ಗ್ರಾಮಸಭೆಯಲ್ಲಿ ಕೇಳುವುದು. ಕಾಡಿನ ಸೌಲಭ್ಯ ಪಡೆದವರು ಬೆಂಕಿ ಆರಿಸಲು ನೆರವಾಗಬೇಕೆಂದು ಅರಣ್ಯ ಕಾಯಿದೆ ಹೇಳುತ್ತದೆ, ನಿಜ. ಆದರೆ ಸೊಪ್ಪಿನಬೆಟ್ಟದ ಹಕ್ಕನ್ನು ಅನುಮಾನದಿಂದ ನೋಡುತ್ತಾ ನೆರವನ್ನು ಮಾತ್ರ ಕೇಳಿದರೆ ಯಾರೂ ಕೊಂಬೆ ಹಿಡಿದು ಬರುವುದಿಲ್ಲ. ಬೆಟ್ಟ ನಮ್ಮದು ಎನ್ನುವ ನಾವೂ ಅದನ್ನು ತೋಟದ ಲೆಕ್ಕದಿಂದ ಬಿಟ್ಟುಬಿಟ್ಟರೆ ಹಕ್ಕು ಕಾಗದದಲ್ಲಷ್ಟೇ ಉಳಿಯುತ್ತದೆ.

ಬರುವ ಡಿಸೆಂಬರ್‌ನಲ್ಲಿ ನಿಮ್ಮಲ್ಲಿ ಯಾವ ಊರಿನವರಾದರೂ ಬೆಂಕಿರೇಖೆ ಗುಡಿಸಲು ಹೊರಟರೆ ನನಗೊಂದು ಮಾತು ತಿಳಿಸಿ. ಸುದ್ದಿಯಾಗುವಂಥದ್ದು ಅಂದು ಏನೂ ನಡೆಯದಿರಬಹುದು. ಆದರೂ ಬರುತ್ತೇನೆ, ಪೊರಕೆ ಹಿಡಿದೇ ಬರುತ್ತೇನೆ.