ಹಾಜರಿ ಪುಸ್ತಕದಿಂದ ಯಾರ ಹೆಸರೂ ಹೋಗಬಾರದು

(ಜೇವರ್ಗಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು. ಸಭೆಯಲ್ಲಿ ಕೇಳಿದ ಪ್ರಶ್ನೆಗಳಿಗೆ ಕೊಟ್ಟ ಉತ್ತರವನ್ನೂ ಸೇರಿಸಿ ಬರೆದುಕೊಂಡಿದ್ದೇವೆ.)



ಎಸ್ಸೆಸ್ಸೆಲ್ಸಿ ಪರೀಕ್ಷೆ ಬಗ್ಗೆ ಮಾತಾಡ್ರಿ ಅಂತ ನೀವೇ ನಮ್ಮನ್ನು ಕರೆಸಿದ್ದೀರಿ. ನಾವು ಮಾಸ್ತರರಲ್ಲ. ನಿಮ್ಮಂಗ ಇದೇ ತಾಲೂಕಿನ ಹಾಸ್ಟೆಲಿನಾಗ ತಾಟು ಹಿಡಕೊಂಡು ಸಾಲಿನಾಗ ನಿಂತವರು. ಆದ್ದರಿಂದ ಉಪದೇಶ ಮಾಡುವುದಿಲ್ಲ. ನಮಗೆ ಆದದ್ದನ್ನು, ನಾವು ಲೆಕ್ಕ ಹಾಕಿ ತಿಳಿದುಕೊಂಡದ್ದನ್ನು ಹೇಳುತ್ತೇವೆ.

2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳಲ್ಲಿ ಕಲಬುರಗಿಗೆ 35ನೇ ಸ್ಥಾನ. ದಕ್ಷಿಣ ಕನ್ನಡದಲ್ಲಿ ಶೇ. 91.12 ಪಾಸು, ನಮ್ಮಲ್ಲಿ ಶೇ. 42.43. ಅಂದರೆ ನೂರು ಮಂದಿ ಬರೆದರೆ ಐವತ್ತೇಳು ಮಂದಿ ನಪಾಸು. ಹಿಂದಿನ ವರ್ಷ 2024ರಲ್ಲಿ ನಾವು 34ನೇಯವರು. ನಮ್ಮ ಕೆಳಗೆ ಇದ್ದದ್ದು ಯಾದಗಿರಿ ಒಂದೇ. ಅದೂ ಮೊದಲು ನಮ್ಮದೇ ಜಿಲ್ಲೆಯ ಭಾಗ.

ಮರುದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಾಗ ಮಾತು ಸುರುವಾಯಿತು. “ಈ ಕಡೆ ಹುಡುಗರ ತಲಿಯಾಗ ಏನೂ ಇಲ್ರೀ.” “ಪುಕ್ಕಟೆ ಹಾಸ್ಟೆಲ್, ಪುಕ್ಕಟೆ ಊಟ, ಯಾಕ ಓದ್ತಾರ?” ಈ ಎರಡನೇ ಮಾತು ಯಾರಿಗೆ ಹೇಳಿದ್ದು ಎಂಬುದು ಇಲ್ಲಿ ಕುಳಿತ ಎಲ್ಲರಿಗೂ ಗೊತ್ತದ.

ಹಾಗಾದರೆ ಒಮ್ಮಿಂದೊಮ್ಮೆಗೆ ಮಕ್ಕಳೆಲ್ಲ ದಡ್ಡರಾದರೇನು? 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಮಂಡಳಿ ಕೋಣೆ ಕೋಣೆಗೆ ಕ್ಯಾಮೆರಾ ಇಡಿಸಿ, ವೆಬ್‌ಕಾಸ್ಟಿಂಗ್ ಮಾಡಿ, ದೂರದಲ್ಲಿ ಕುಳಿತವರು ನೋಡುವ ಹಾಗೆ ಮಾಡಿತು. ಆ ವರ್ಷ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. 2025ರಲ್ಲಿ ಆ ಕೃಪಾಂಕವೂ ಇರಲಿಲ್ಲ. ಬದಲಾದದ್ದು ಮಕ್ಕಳ ತಲೆಯಲ್ಲ, ಪರೀಕ್ಷೆಯ ಕೋಣೆ. ಮುಚ್ಚಿಟ್ಟಿದ್ದ ಹಳೆಯ ಸಾಲ ಬಾಗಿಲಿಗೆ ಬಂದು ನಿಂತಿತು, ಅಷ್ಟೆ.

ಈಗ ನಮ್ಮ ಕಥೆ. ನಾವು ಕ್ಯಾಮೆರಾ ಬರುವ ಮೊದಲಿನವರು. ನಾವು ಓದಿದ ಹೈಸ್ಕೂಲಿನಾಗ ಎರಡು ವರ್ಷ ಗಣಿತಕ್ಕೆ ಕಾಯಂ ಮಾಸ್ತರರು ಇರಲಿಲ್ಲ. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಅರ್ಧ ವರ್ಷ ಹೋಗಿರುತ್ತಿತ್ತು. ಬಂದವರು ಒಳ್ಳೆಯವರೇ, ಆದರೆ ಸಂಬಳ ಸರಿಯಾಗಿ ಸಿಗದೆ ಅವರೂ ಸೋತಿದ್ದರು. ಇಂಗ್ಲಿಷ್ ಪಾಠ ಅಂದರೆ ಗೈಡು ನೋಡಿ ಬೋರ್ಡಿನ ಮೇಲೆ ಬರೆಯೋದು, ನಾವು ನೋಟ್‌ಬುಕ್ಕಿಗೆ ಇಳಿಸಿಕೊಳ್ಳೋದು. ಒಂದು ಸಾಲಿನ ಅರ್ಥ ಕೇಳಿದರೆ “ಪರೀಕ್ಷೆದಾಗ ಬರ್ತದ, ಬಾಯಿಪಾಠ ಮಾಡು” ಅಂತಿದ್ದರು.

ಪರೀಕ್ಷೆ ದಿವಸ ಏನಾಯಿತು? ಕಿಟಕಿಯಿಂದ ಚೀಟಿ ಬಂದವು. ಒಂದು ಅಂಕದ ಪ್ರಶ್ನೆಗಳ ಉತ್ತರ ಕೋಣೆಯಾಗೇ ಕೇಳಿಸಿತು. ನಾವು ಬರೆದೆವು. ನಾಚಿಕೆ ಪಡದೆ ಹೇಳುತ್ತೇವೆ, ಕಾಪಿ ಹೊಡೆದೇ ಪಾಸಾದೆವು. ನಮ್ಮಲ್ಲಿ ಒಬ್ಬನಿಗೆ ಗಣಿತದಲ್ಲಿ 71 ಬಂತು. ಕೇರಿಯಾಗ ಪೇಡೆ ಹಂಚಿದರು. ಅವರವ್ವ ಕೂಲಿ ಬಿಟ್ಟು ಬಂದು ಮಗನ ಕೈ ಹಿಡಕೊಂಡು ಅತ್ತಳು. 71 ಬಂದದ್ದೇ ತಪ್ಪಾಯಿತು! ಸೈನ್ಸ್ ತಗೊ ಅಂದರು, ತಗೊಂಡ. ಪಿಯುಸಿಯಾಗ ಮೊದಲ ತಿಂಗಳೇ ತಿಳಿಯಿತು, ಅವನಿಗೆ ಭಿನ್ನರಾಶಿ ಕೂಡಿಸಲಿಕ್ಕೂ ಬರೋದಿಲ್ಲ. ದೀಪಾವಳಿಗೆ ಮನೆಗೆ ಹೋದವನು ತಿರುಗಿ ಬರಲಿಲ್ಲ. ಈಗ ಪುಣೆಯಾಗ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ. ಮೊನ್ನೆ ಫೋನಿನಾಗ ಅಂದ: “ನಾ ಹತ್ತರಾಗ ನಪಾಸ್ ಆಗಿದ್ರ ಚಲೋ ಇತ್ತು ನೋಡ್ರೊ. ಮತ್ತೊಮ್ಮೆ ಕಲಿತಿದ್ದೆ.”

ಊರಿನ ಗೌಡರ ಮಗನೂ ನಮ್ಮ ಜೊತೆ ಕಾಪಿ ಹೊಡೆದ. ಆದರೆ ಅವನಿಗೆ ಕಲಬುರಗಿಯಲ್ಲಿ ಟ್ಯೂಷನ್ ಇತ್ತು, ಮನೆಯಲ್ಲಿ ಓದಿದವರಿದ್ದರು. ಅವನಿಗೆ ಕಾಪಿ ಅಂದರೆ ಊಟದ ಮೇಲಿನ ಎಲೆ ಅಡಿಕೆ. ನಮಗೆ ಅದೇ ಊಟ. ಕ್ಯಾಮೆರಾ ಬಂದ ಮೇಲೆ ಅವನ ತಮ್ಮ ಪಾಸಾದ, ನಮ್ಮ ತಮ್ಮಂದಿರು ನಪಾಸಾದರು. ಕಾಪಿ ಹೊಡೆಯಲು ಬಿಟ್ಟದ್ದು ನಮ್ಮ ಮೇಲಿನ ಕರುಣೆಯಿಂದ ಎಂದು ನಂಬಿದ್ದೆವು. ಅದು ಕರುಣೆಯಲ್ಲ, ಪಾಠ ಮಾಡದೆ ಇದ್ದದ್ದಕ್ಕೆ ನಮ್ಮ ಬಾಯಿ ಮುಚ್ಚಿಸಲು ಕೊಟ್ಟ ಲಂಚ. ಆದ್ದರಿಂದ “ಕ್ಯಾಮೆರಾ ತೆಗೀರಿ” ಎಂದು ಘೋಷಣೆ ಕೂಗುವವರ ಹಿಂದೆ ನಾವು ಹೋಗಕೂಡದು. ನಮ್ಮ ಮಾತು ಬೇರೆ. ಮಾರ್ಚ್ ತಿಂಗಳ ಮೂರು ತಾಸು ನಮ್ಮನ್ನು ಇಷ್ಟು ಕಣ್ಣಿಟ್ಟು ನೋಡುವ ಸರ್ಕಾರ, ಜೂನ್‌ದಿಂದ ಫೆಬ್ರವರಿ ತನಕ ತರಗತಿಯಲ್ಲಿ ಮಾಸ್ತರರು ಇದ್ದಾರೋ ಇಲ್ಲೋ ಅದನ್ನೂ ನೋಡಲಿ.

ಒಂದು ಹಳೆಯ ಸಂಗತಿ ಹೇಳುತ್ತೇವೆ. 1856ರ ಜೂನ್ ತಿಂಗಳಲ್ಲಿ ನಮ್ಮ ಧಾರವಾಡದಲ್ಲಿ ಒಬ್ಬ ಮಹಾರ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಸೇರಿಸಿಕೊಳ್ಳಲಿಲ್ಲ. ನ್ಯಾಯ ಹುಡುಗನ ಕಡೆಗೇ ಇದೆ ಅಂತ ಒಪ್ಪಿಕೊಂಡೇ, ಮೇಲ್ಜಾತಿಯವರು ಮಕ್ಕಳನ್ನು ಬಿಡಿಸಿಕೊಂಡು ಹೋದಾರು ಅಂತ ಬಾಗಿಲು ಹಾಕಿತು. ಎರಡು ವರ್ಷದ ಮೇಲೆ, 1858ರಲ್ಲಿ, ಸರ್ಕಾರದ ಪೂರ್ಣ ಖರ್ಚಿನ ಶಾಲೆ ಎಲ್ಲರಿಗೂ ತೆರೆದಿರಬೇಕು ಎಂದು ಇಂಗ್ಲೆಂಡಿನಿಂದ ಹುಕುಂ ಬಂತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟ ಹೇಳಿಕೆಯಲ್ಲಿ ಈ ಧಾರವಾಡದ ಹುಡುಗನ ಪ್ರಕರಣವನ್ನು ಎತ್ತಿ ಹೇಳಿದ್ದಾರೆ. ಈಗ ಯಾರೂ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸೋದಿಲ್ಲ. ಒಳಗೆ ಕರೆದು ಕೂಡಿಸ್ತಾರ, ಹತ್ತು ವರ್ಷ ಕೂಡಿಸ್ತಾರ, ಆಮೇಲೆ ಏನೂ ಕಲಿಸದೆ ಹೊರಗೆ ಕಳಿಸ್ತಾರ. ಅರ್ಜಿ ಹಾಕಲಿಕ್ಕೆ ಆ ಹುಡುಗನಿಗೆ ಒಂದು ಬಾಗಿಲಾದರೂ ಕಾಣುತ್ತಿತ್ತು.

ಹೊಸ ನಿಯಮದ ಬಗ್ಗೆ ಬಹಳ ಮಂದಿ ಕೇಳಿದಿರಿ. 2025ರ ಅಕ್ಟೋಬರ್‌ನಲ್ಲಿ ಪಾಸಾಗುವ ಮಿತಿಯನ್ನು ಶೇ. 35ರಿಂದ 33ಕ್ಕೆ ಇಳಿಸುವುದಾಗಿ ಶಿಕ್ಷಣ ಮಂತ್ರಿ ಮಧು ಬಂಗಾರಪ್ಪ ಹೇಳಿದರು. ಪ್ರತಿ ವಿಷಯದಲ್ಲಿ ಕನಿಷ್ಠ ಶೇ. 30, ಒಟ್ಟು 625ಕ್ಕೆ 206. ಮೊದಲು 219 ಬೇಕಿತ್ತು. ಹದಿಮೂರು ಅಂಕ ಬಿಟ್ಟುಕೊಟ್ಟಿದ್ದಾರೆ. ಒಂದೆರಡು ಅಂಕದಲ್ಲಿ ಜಾರಿದವರಿಗೆ ಇದರಿಂದ ಉಪಯೋಗ ಆಗ್ತದ, ನಾವು ಬೇಡ ಅನ್ನುವುದಿಲ್ಲ. ಆದರೆ ಹದಿಮೂರು ಅಂಕ ಬಿಟ್ಟರೆ ಗಣಿತದ ಮಾಸ್ತರರು ಬಂದಂಗಾಯಿತೇನು? 371(ಜೆ) ತಿದ್ದುಪಡಿಯಿಂದ ನಮ್ಮ ಭಾಗದವರಿಗೆ ಸರ್ಕಾರಿ ನೌಕರಿಯಲ್ಲಿ, ಕಾಲೇಜು ಸೀಟಿನಲ್ಲಿ ಮೀಸಲಾತಿ ಇದೆ. ಅದರೊಳಗೆ ನಮ್ಮ ಜಾತಿಯ ಪಾಲೂ ಇದೆ. ಆ ನೌಕರಿಯ ಪರೀಕ್ಷೆಯಲ್ಲಿ 206 ತಗೊಂಡವನಿಗೂ 500 ತಗೊಂಡವನಿಗೂ ಒಂದೇ ಪ್ರಶ್ನೆಪತ್ರಿಕೆ. ನಾವು ಅರ್ಧಕ್ಕೆ ಬಿಟ್ಟರೆ ನಮ್ಮ ಭಾಗದ ಮೀಸಲಾತಿಯನ್ನು ನಮ್ಮ ಭಾಗದ ಉಳ್ಳವರೇ ಉಣ್ಣುತ್ತಾರೆ.

ಐದು, ಎಂಟು, ಒಂಬತ್ತನೇ ತರಗತಿಗೂ ಬೋರ್ಡ್ ಪರೀಕ್ಷೆ ತಂದಿದ್ದರು. ಖಾಸಗಿ ಶಾಲೆಗಳ ಸಂಘದವರು ಕೋರ್ಟಿಗೆ ಹೋದರು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಡೆಯಿತು. ಮಕ್ಕಳು ಬರೆದದ್ದು ಬರೆದಂತೇ ಉಳಿಯಿತು. ಈ ಜಗ್ಗಾಟದಾಗ ಸರ್ಕಾರಿ ಸಾಲಿ ಮಕ್ಕಳ ಅವ್ವ ಅಪ್ಪನ್ನ ಯಾರು ಕೇಳಿದರು? ಅದು ಇರಲಿ.

ಇದಕ್ಕಿಂತ ದೊಡ್ಡ ಅಪಾಯ ಬೇರೆ ಇದೆ, ಅದಕ್ಕೇ ನಾವು ಬಂದದ್ದು. ಜಿಲ್ಲೆಗೆ ಕೊನೆಯ ಸ್ಥಾನ ಬಂದ ಮೇಲೆ ಮೇಲಿನವರು ಕೆಳಗಿನವರನ್ನು ಬೈಯುತ್ತಾರೆ, ನೋಟೀಸು ಕೊಡುತ್ತಾರೆ, “ಪರ್ಸೆಂಟೇಜ್ ಏರಿಸ್ರಿ” ಅಂತಾರ. ಪರ್ಸೆಂಟೇಜ್ ಏರಿಸಲು ಎರಡು ದಾರಿ. ಒಂದು, ಕಲಿಸುವುದು. ಇನ್ನೊಂದನ್ನು ಲೆಕ್ಕ ಹಾಕಿ ನೋಡ್ರಿ. ಒಂದು ಸಾಲಿಯಾಗ ಹತ್ತನೇಯಲ್ಲಿ ನಲವತ್ತು ಮಂದಿ, ಇಪ್ಪತ್ತು ಪಾಸು, ಶೇ. 50. ಓದಲು ಬಾರದ ಹತ್ತು ಮಂದಿಯನ್ನು ಒಂಬತ್ತರಲ್ಲೇ ತಡೆದರೆ, ಇಲ್ಲವೆ ಟಿ.ಸಿ. ಕೊಟ್ಟು ಕಳಿಸಿದರೆ, ಇಲ್ಲವೆ “ನೀ ಖಾಸಗಿಯಾಗಿ ಕಟ್ಟು” ಅಂದರೆ? ಮೂವತ್ತರಲ್ಲಿ ಇಪ್ಪತ್ತು ಪಾಸು, ಶೇ. 67! ಒಬ್ಬನಿಗೂ ಒಂದಕ್ಷರ ಹೆಚ್ಚಿಗೆ ಕಲಿಸದೆ ಹದಿನೇಳು ಏರಿತು. ಶಿಕ್ಷಣ ಹಕ್ಕಿನ ಕಾನೂನು ಹದಿನಾಲ್ಕು ವಯಸ್ಸಿಗೆ, ಎಂಟನೇ ತರಗತಿಗೆ ಮುಗೀತದ. ಒಂಬತ್ತನೇಯವನನ್ನು ಅದು ಕಾಯುವುದಿಲ್ಲ. ಆ ಹತ್ತು ಮಂದಿ ಯಾವ ಕೇರಿಯವರಿರುತ್ತಾರೆ ಎಂದು ಕೇಳಬೇಕಾಗಿಲ್ಲ.

ಆದ್ದರಿಂದ ಎಷ್ಟು ಪರ್ಸೆಂಟು ಎಂದು ಕೇಳುವುದನ್ನು ಬಿಡೋಣ. ಎಂಟನೇ ತರಗತಿಗೆ ಹೆಸರು ಹಚ್ಚಿದವರೆಷ್ಟು, ಮೂರು ವರ್ಷದ ಮೇಲೆ ಪಾಸಾದವರೆಷ್ಟು, ನಡುವೆ ಹೋದವರು ಎಲ್ಲಿಗೆ ಹೋದರು? ಇದು ನಮ್ಮ ಪ್ರಶ್ನೆ. ಮಾಹಿತಿ ಹಕ್ಕಿನಾಗ ಹತ್ತು ರೂಪಾಯಿ ಅರ್ಜಿಯಿಂದ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಇದನ್ನು ಕೇಳಬಹುದು. ಅದರ ಸಂಗಡ ಯಾವ ಹೈಸ್ಕೂಲಿನಾಗ ಗಣಿತ, ವಿಜ್ಞಾನ, ಇಂಗ್ಲಿಷಿಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು, ಯಾವ ತಾರೀಖಿನಿಂದ ಖಾಲಿ ಎಂದೂ ಕೇಳಬೇಕು. ನಂಜುಂಡಪ್ಪ ಸಮಿತಿ 2002ರಲ್ಲೇ ಜೇವರ್ಗಿ, ಆಳಂದ, ಅಫಜಲಪುರ ಮೂರನ್ನೂ ಅತ್ಯಂತ ಹಿಂದುಳಿದ 39 ತಾಲೂಕುಗಳ ಪಟ್ಟಿಯಲ್ಲಿ ಬರೆದಿದೆ. ಪಟ್ಟಿಗೇನೂ ಕೊರತೆ ಇಲ್ಲ. ಖಾಲಿ ಹುದ್ದೆಯ ಪಟ್ಟಿ ನಮ್ಮ ಕೈಯಲ್ಲಿರಬೇಕು.

ನಮ್ಮನ್ನೂ ಸ್ವಲ್ಪ ಬೈದುಕೊಳ್ಳೋಣ. ಅನ್ನದಾಗ ಹುಳ ಬಂದರೆ ತಾಟು ಹಿಡಕೊಂಡು ರಸ್ತೆಗೆ ಕೂಡ್ತೀವಿ. ಸರಿಯೇ. ಗಣಿತದ ಮಾಸ್ತರರು ಬರಲಿಲ್ಲ ಅಂದರೆ? “ರಜಾ ಸಿಕ್ತಲೇ” ಅಂತ ಕ್ರಿಕೆಟ್ ಆಡಲಿಕ್ಕೆ ಹೋಗ್ತೀವಿ. ಪಾಠ ಇಲ್ಲದ ಒಂದು ತಾಸೂ ಹುಳ ಬಿದ್ದ ಅನ್ನವೇ ಎಂದು ಯಾವ ಹಾಸ್ಟೆಲಿನವರೂ ಇನ್ನೂ ಧರಣಿ ಕೂತಿಲ್ಲ, ನಾವೂ ಕೂತಿರಲಿಲ್ಲ.

ಇನ್ನು ಹತ್ತಿ ಬಿಡಿಸುವ ಸುಗ್ಗಿ ಬಂತು, ಅದರ ಹಿಂದೆ ತೊಗರಿ ರಾಶಿ. ಪುಸ್ತಕ ತಿರುವಿ ಹಾಕಬೇಕಾದ ತಿಂಗಳೇ ನಮ್ಮ ಮಕ್ಕಳು ಹೊಲದಾಗ ಇರ್ತಾವ. ಪರೀಕ್ಷೆಗೆ ಕೂಡಲು ಶೇ. 75 ಹಾಜರಿ ಬೇಕು. ಹೆಣ್ಣುಮಕ್ಕಳದು ಮೊದಲು ಹೋಗುವುದೇ ಇಲ್ಲಿ. ಅವ್ವ ಅಪ್ಪನ್ನ ಬೈದು ಉಪಯೋಗ ಇಲ್ಲ. ವರ್ಷದ ಕಾಳು ಆಗಲೇ ದುಡಿಯಬೇಕು. ಆದರೆ ಹತ್ತನೇಯಲ್ಲಿ ಓದುವ ತಂಗಿಯ ಬದಲಿಗೆ ಕಾಲೇಜಿನ ಅಣ್ಣ ಎಂಟು ದಿನ ಹತ್ತಿ ಬಿಡಿಸಿದರೆ ಅವನ ಬಿ.ಎ. ಏನೂ ಮುಳುಗಿ ಹೋಗುವುದಿಲ್ಲ. ಇದನ್ನು ಇಲ್ಲಿರುವ ಅಣ್ಣಂದಿರಿಗೇ ಹೇಳುತ್ತಿದ್ದೇವೆ.

ಸಭೆಯಲ್ಲಿ ಒಬ್ಬ ತಂಗಿ ಎದ್ದು ಕೇಳಿದಳು: “ಅಣ್ಣಾ, ನನಗ ಇಂಗ್ಲಿಷ್ ಓದಾಕೇ ಬರಂಗಿಲ್ಲ. ಈಗ ಸುರು ಮಾಡಿದ್ರ ಆಗ್ತದೇನು?” ಆಕೆ ಒಬ್ಬಳೇ ಅಲ್ಲ. 2020ರ ಮಾರ್ಚ್‌ನಲ್ಲಿ ಕೊರೋನಾಕ್ಕೆ ಸಾಲಿ ಮುಚ್ಚಿದಾಗ ನಾಲ್ಕನೇ ತರಗತಿಯಲ್ಲಿದ್ದವರೇ 2025–26ರ ಹತ್ತನೇಯವರು. ಅಕ್ಷರ ಗಟ್ಟಿಯಾಗುವ ಹೊತ್ತಿಗೆ ಸಾಲಿಗೆ ಬೀಗ. ಪಟ್ಟಣದವರು ಫೋನಿನಾಗ ಪಾಠ ಕೇಳಿದರು, ನಾವು ಕುರಿ ಕಾಯ್ದೆವು. ಇಂಥವರಿಗೆ ಹತ್ತನೇ ತರಗತಿಯ ಪ್ರಶ್ನೋತ್ತರ ಬಾಯಿಪಾಠ ಮಾಡಿಸಿದರೆ ನಿಲ್ಲುವುದಿಲ್ಲ. ಅವರು ಎಲ್ಲಿ ನಿಂತಿದ್ದಾರೋ ಅಲ್ಲಿಂದಲೇ ಹಿಡಿಯಬೇಕು. ಮಗ್ಗಿ, ಭಾಗಾಕಾರ, ಭಿನ್ನರಾಶಿ, ಒಂದು ಪುಟ ತಡವರಿಸದೆ ಓದುವುದು. ಇದಕ್ಕೆ ಎಂ.ಎ. ಬೇಕಿಲ್ಲ, ಪಿಯುಸಿ ಹುಡುಗ ಸಾಕು. ತಂಗೀ, ಆಗ್ತದ. ಮೊದಲಿನ ಹಾಗೆ ಒಂದೇ ಪರೀಕ್ಷೆಯೂ ಅಲ್ಲ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯಲು ಬಿಟ್ಟಿದ್ದಾರೆ, ಯಾವುದರಲ್ಲಿ ಹೆಚ್ಚು ಬಂತೋ ಅದು ನಿನ್ನದು. ಮೊದಲನೆಯದರಲ್ಲಿ ಒಂದು ವಿಷಯ ಹೋಯಿತು ಅಂತ ಯಾರೂ ಪುಸ್ತಕ ಕಟ್ಟಿಟ್ಟು ಬೆಂಗಳೂರಿನ ಬಸ್ ಹತ್ತಕೂಡದು. ಎರಡನೆಯದಕ್ಕೆ ಕಟ್ಟುವ ತಾರೀಖು ನಾವೇ ಊರೂರಿಗೆ ಬಂದು ಹೇಳುತ್ತೇವೆ.

ಬರುವ ಭಾನುವಾರದಿಂದ ರಾತ್ರಿ ಊಟ ಆದ ಮೇಲೆ ಎರಡು ತಾಸು ಕೂಡೋದು. ದೊಡ್ಡ ಕೋಣೆಯ ಎರಡು ಲೈಟು ಹೋಗ್ಯಾವ, ವಾರ್ಡನ್ನರಿಗೆ ಬರೆದು ಕೊಟ್ಟಿದ್ದೇವೆ. ಹಾಕಿಸದಿದ್ದರೆ ಅವರ ಆಫೀಸಿನ ಮುಂದೆ ಲೈಟು ಅದ, ಅಲ್ಲೇ ಚಾಪೆ ಹಾಸೋಣ. ಗಣಿತಕ್ಕೆ ಇಬ್ಬರು, ಇಂಗ್ಲಿಷಿಗೆ ಒಬ್ಬರು ಸಿಕ್ಕಿದ್ದಾರೆ. ವಿಜ್ಞಾನಕ್ಕೆ ಇನ್ನೂ ಬೇಕು, ನಿಮ್ಮೂರಿನಲ್ಲಿ ಬಿ.ಎಸ್ಸಿ. ಓದಿ ಮನೆಯಲ್ಲಿ ಕೂತವರಿದ್ದರೆ ಕರೆತರ್ರಿ. ಪ್ರತಿಯೊಬ್ಬರೂ ಒಂದು ಕೆಲಸ ಮಾಡಿಕೊಂಡು ಬನ್ನಿ. ನಿಮ್ಮ ಸಂಗಡ ಎಂಟನೇ ತರಗತಿಯಲ್ಲಿ ಇದ್ದು ಈಗ ಸಾಲಿಯಾಗ ಇಲ್ಲದವರ ಹೆಸರು, ಅವರ ಊರು, ಎಲ್ಲಿದ್ದಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ತರ್ರಿ. ಮೊದಲ ಹಾಳೆ ನಾವು ಬರೆದಿದ್ದೇವೆ, ನಮ್ಮ ತರಗತಿಯದು. ಅದರಲ್ಲಿ ಹದಿನಾಲ್ಕು ಹೆಸರಿವೆ.