ತೋರೂನ್ ಸಭೆಯ ಪ್ರಾಧ್ಯಾಪಕ

1645. ಜರ್ಮನ್ ನಾಡುಗಳು ಮೂವತ್ತು ವರ್ಷಗಳ ಯುದ್ಧದಲ್ಲಿ ಬೇಯುತ್ತಿದ್ದವು. ಪೋಲೆಂಡಿನ ದೊರೆ ಕ್ಯಾಥೊಲಿಕ್, ಲೂಥರನ್, ಕ್ಯಾಲ್ವಿನ್ ಪಂಥದ ಪಂಡಿತರನ್ನು ತೋರೂನ್ ಪಟ್ಟಣದಲ್ಲಿ ಮಾತಿಗೆ ಕೂರಿಸಿದ. ಅಲ್ಲಿಗೆ ಬಂದ ಗೆಯೋರ್ಗ್ ಕಾಲಿಕ್ಸ್ಟಸ್ ಅವರನ್ನು ಸ್ವಂತ ಲೂಥರನ್ ಬಳಗವೇ ದೂರವಿಟ್ಟಿತು. ಅವರು ಕ್ಯಾಲ್ವಿನ್ ಪಂಥದವರ ನೆರವಿಗೆ ನಿಂತರು.

ಕಾಲಿಕ್ಸ್ಟಸ್ ಶ್ಲೆಸ್ವಿಗ್ ಸೀಮೆಯ ಪಾದ್ರಿಯ ಮಗ, ಹುಟ್ಟಿದ್ದು 1586ರಲ್ಲಿ. ಹೆಲ್ಮ್‌ಸ್ಟೆಟ್‌ನಲ್ಲಿ ಅರಿಸ್ಟಾಟಲನ ತತ್ವಶಾಸ್ತ್ರ ಓದಿ, ಹಾಲೆಂಡ್, ಇಂಗ್ಲೆಂಡ್, ಫ್ರಾನ್ಸ್ ಸುತ್ತಿ, ಅನ್ಯಪಂಥದ ವಿದ್ವಾಂಸರೊಡನೆ ಎದುರು ಬದುರು ಕೂತು ಮಾತಾಡಿ ಬಂದವರು. 1614ರಲ್ಲಿ ಹೆಲ್ಮ್‌ಸ್ಟೆಟ್ ವಿಶ್ವವಿದ್ಯಾಲಯದಲ್ಲೇ ದೇವತಾಶಾಸ್ತ್ರದ ಪ್ರಾಧ್ಯಾಪಕರಾದರು. ಕ್ರೈಸ್ತರ ಮೊದಲ ಐದು ಶತಮಾನಗಳ ಒಮ್ಮತವೇ ಎಲ್ಲ ಪಂಥಗಳ ಸಂಧಾನಕ್ಕೆ ನೆಲೆಯಾಗಲಿ ಎಂದರು.

ಊರೂರು ಉರಿಯುತ್ತಿದ್ದಾಗ ಎಂಥ ದಿಟ್ಟ ಮಾತು!

ಲೂಥರನ್ ಪಂಡಿತ ಅಬ್ರಹಾಂ ಕಾಲೋವ್ ಈ ಸಂಧಾನದ ಮಾತನ್ನು ಕಲಬೆರಕೆ ಎಂದು ಕಟುವಾಗಿ ಖಂಡಿಸಿದರು. 1656ರಲ್ಲಿ ಕಾಲಿಕ್ಸ್ಟಸ್ ತೀರಿಕೊಂಡರೂ ವಾದ ತಣಿಯಲಿಲ್ಲ. ಮಗ ಫ್ರೀಡ್ರಿಶ್ ಉಲ್ರಿಶ್ ತಂದೆಯ ಪರವಾಗಿ ಲೇಖನಿ ಹಿಡಿದರು.