ಪ್ರಸಾದ ನಿಲಯದ ಯಾದಿ
(ಶ್ರೀಮಠದ ಉಚಿತ ಪ್ರಸಾದ ನಿಲಯದ ಅಮೃತ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)

ನಿಲಯದಲ್ಲಿ ಉಂಡು ಓದಿದ ಹಳೆಯ ವಿದ್ಯಾರ್ಥಿಗಳ ಪೈಕಿ ಒಬ್ಬನು ಎರಡು ಮಾತುಗಳನ್ನಾಡಬೇಕೆಂದು ಅಪ್ಪಣೆಯಾಗಿರುವದು. ನಿಲಯದ ಇತಿಹಾಸವನ್ನು ನನಗಿಂತ ಬಲ್ಲವರು ಈಗಾಗಲೇ ಹೇಳಿದ್ದಾರೆ. ಅಲ್ಲಿ ನಮಗೆ ದೊರೆತು, ಮುಂದೆ ಕೈಬಿಟ್ಟುಹೋದ ಗೆಳೆಯರ ವಿಷಯವನ್ನಷ್ಟೇ ನಾನು ಅರಿಕೆ ಮಾಡುವೆನು.

ಹೋದ ತಿಂಗಳು ಶ್ರೀಗಳವರ ಅಪ್ಪಣೆ ಪಡೆದು ನಿಲಯದ ಹಳೆಯ ದಫ್ತರವನ್ನು ಬಿಚ್ಚಿಸಿದೆನು. 1964ನೆಯ ಇಸವಿಯ ಯಾದಿಯಲ್ಲಿ ನಮ್ಮ ಕೋಣೆಯ ಏಳೂ ಜನರ ಹೆಸರುಗಳಿವೆ. ಪ್ರತಿಯೊಂದು ಹೆಸರಿನ ಮುಂದೆ ತಂದೆಯ ಹೆಸರು, ಊರು, ಮನೆಯಿಂದ ಬಂದ ಜೋಳದ ಲೆಕ್ಕ. ಜೋಳ ತರಲಾರದವರ ಮುಂದೆ ಬರಿಯ ಒಂದು ಗೆರೆ. ಅದರಾಚೆ ಒಂದು ಅಕ್ಷರವಿಲ್ಲ. ಕೊಟ್ಟವನಿಗೂ ಕೊಡದವನಿಗೂ ಪಂಕ್ತಿ ಒಂದೇ ಆಗಿದ್ದಿತು.

ನಿಪ್ಪಾಣಿ, ಕಾಗವಾಡಗಳು ಆಗ ತಾಲೂಕುಗಳಾಗಿರಲಿಲ್ಲ. ಒಂದು ಚಿಕ್ಕೋಡಿಗೆ, ಇನ್ನೊಂದು ಅಥಣಿಗೆ ಸೇರಿದ್ದವು. ಇಷ್ಟು ದೂರದ ಹುಡುಗರು ಒಂದೇ ಕೋಣೆಗೆ ಬಂದು ಸೇರಲು ಬಡತನವೊಂದೇ ಕಾರಣವು. ನಿಪ್ಪಾಣಿಯ ಗೆಳೆಯನ ತಂದೆ ತಂಬಾಕಿನ ವಖಾರಿಯಲ್ಲಿ ದುಡಿಯುತ್ತಿದ್ದನು. ಮಗನು ಊರಿನಿಂದ ಮರಳಿ ಬಂದ ದಿನ ಅವನ ಹಾಸಿಗೆಯ ಸುರುಳಿಯಿಂದ ಕೋಣೆಯೆಲ್ಲ ಘಾಟು ಹಿಡಿಯುತ್ತಿದ್ದಿತು. ಮನೆಯಲ್ಲಿ ಮರಾಠಿ ಆಡುವವನು; ನಮ್ಮಿಂದ ಕನ್ನಡ ಕಲಿತು, ನಮಗೆ ಮರಾಠಿ ಬೈಗಳನ್ನೂ ಅಭಂಗಗಳನ್ನೂ ಏಕಕಾಲಕ್ಕೆ ಕಲಿಸಿದನು. ಕಾಗವಾಡದವನು ಜೈನನು. ಹೊತ್ತು ಮುಳುಗುವದರೊಳಗೆ ಅವನ ಊಟ ಆಗಬೇಕೆಂದು ಅಡಿಗೆಯ ಅಜ್ಜನು ಮೊದಲಿನ ರೊಟ್ಟಿಯನ್ನು ಅವನಿಗೇ ಬಡಿಯುತ್ತಿದ್ದನು. ರಾಯಬಾಗದವನ ಮನೆಯಲ್ಲಿ ಅಜ್ಜನ ಕಾಲದ ಮೋಡಿ ಲಿಪಿಯ ಕಾಗದಗಳ ಗಂಟೊಂದು ಇದ್ದಿತು. 1949ರ ವರೆಗೆ ಆ ಊರು ಕೊಲ್ಲಾಪುರ ಸಂಸ್ಥಾನದ್ದಲ್ಲವೇ? ಮಾಘಮಾಸದಲ್ಲಿ ಚಿಂಚಲಿ ಮಾಯಕ್ಕನ ಜಾತ್ರೆಗೆ ಅವನೇ ನಮ್ಮನ್ನು ಕರೆದೊಯ್ಯುವನು. ಕೊಲ್ಲಾಪುರ, ಸಾಂಗಲಿಗಳ ಕಡೆಯಿಂದ ಬಂದ ಬಂಡಿಗಳ ನಡುವೆ ಮಲಗಿ ರಾತ್ರಿ ಕಳೆಯುತ್ತಿದ್ದೆವು. ಇನ್ನಿಬ್ಬರಲ್ಲಿ ಒಬ್ಬನು ಯಡೂರ ಸಮೀಪದ ಹೊಳೆಸಾಲಿನ ರೈತನ ಮಗನು, ಮತ್ತೊಬ್ಬನು ನಮ್ಮೂರವನೇ. ಆರನೆಯವನು ಅಥಣಿ ಕಡೆಯವನು, ಚಪ್ಪಲಿ ಹೊಲಿಯುವ ಮನೆತನದವನು. ಕೊಲ್ಲಾಪುರಿ ಎಂದು ಲೋಕವೆಲ್ಲ ಮೆಟ್ಟುವ ಚಪ್ಪಲಿಯ ಎಷ್ಟೋ ಜೋಡುಗಳು ನಮ್ಮ ಅಥಣಿ, ನಿಪ್ಪಾಣಿಗಳ ಮನೆಗಳಲ್ಲಿಯೇ ಸಿದ್ಧವಾಗತಕ್ಕವು. ಗಣಿತದಲ್ಲಿ ನಮ್ಮೆಲ್ಲರಿಗೂ ಅವನೇ ಮಾಸ್ತರನು.

ನಿಲಯದಲ್ಲಿ ಊಟವಿದ್ದರೂ ರವಿವಾರದ ಮೋಟಾರಿಗೆ ಮನೆಯ ಬುತ್ತಿಗಳು ಬರುತ್ತಿದ್ದವು. ಅರಿವೆಯ ಗಂಟು ನೋಡಿಯೇ ಯಾರ ತಾಯಿ ಕಟ್ಟಿದ್ದೆಂದು ಹೇಳುತ್ತಿದ್ದೆವು. ಶೇಂಗಾದ ಹಿಂಡಿ ಯಾರ ಮನೆಯದಾದರೂ ಸೋಮವಾರ ಮುಂಜಾನೆಗೆ ಉಳಿಯುತ್ತಿರಲಿಲ್ಲ.

ಹೈಸ್ಕೂಲು ಮುಗಿದ ಕೂಡಲೆ ದಾರಿಗಳು ಒಡೆದವು. ಕಾಗವಾಡದವನಿಗೆ ಸಾಂಗಲಿಯ ವಿಲಿಂಗ್ಡನ್ ಕಾಲೇಜು ಹತ್ತಿರ. ನಿಪ್ಪಾಣಿಯವನಿಗೆ ಕೊಲ್ಲಾಪುರದ ರಾಜಾರಾಮ ಕಾಲೇಜು, ಅಲ್ಲಿ 1962ರಲ್ಲಿ ಶಿವಾಜಿ ವಿದ್ಯಾಪೀಠವೂ ಹುಟ್ಟಿಕೊಂಡಿದ್ದಿತು. ನಾವಿಬ್ಬರು ಬೆಳಗಾವಿಯ ಲಿಂಗರಾಜ ಕಾಲೇಜಿಗೆ ಹೋದೆವು. ಒಂದೆರಡು ವರ್ಷ ಅಂಚೆಯ ಕಾರ್ಡುಗಳು ಬಂದುಹೋದವು, ಆಮೇಲೆ ನಿಂತವು. 1956ರ ನವೆಂಬರ 1ರಂದು ಎಳೆದ ಗಡಿಯೇ ನಮ್ಮನ್ನು ಅಗಲಿಸಿತೆಂದು ಹಲವರು ಹೇಳುವರು. ನನಗೆ ಅದು ಪೂರ್ಣ ಒಪ್ಪಿಗೆಯಿಲ್ಲ. ನಾವು ಒಂದೇ ಕೋಣೆಯಲ್ಲಿ ಮಲಗಿದ್ದು ಆ ಗಡಿ ಬಿದ್ದ ಎಂಟು ವರ್ಷಗಳ ತರುವಾಯವೇ. ಜಾತ್ರೆಯ ಬಂಡಿಗಳು ಅದನ್ನು ಇಂದಿಗೂ ದಾಟಿ ಬರುತ್ತಿವೆ. ಗೆಳೆತನವನ್ನು ಕಡಿದ ಗೆರೆಗಳು ಬೇರೆಯೂ ಇದ್ದವು.

1968ರಲ್ಲಿ ಹೊಳೆಸಾಲಿನ ಗೆಳೆಯನ ಮದುವೆಯಾಯಿತು. ಅವನು ಕೋಣೆಯವರೆಲ್ಲರಿಗೂ ತಾನೇ ಕೈಯಾರೆ ಕಾಗದ ಬರೆದನು. ಅಥಣಿಯವನು ತಾನೇ ಹೊಲಿದ ಒಂದು ಜೋಡು ಚಪ್ಪಲಿಯನ್ನು ಮದುಮಗನಿಗೆಂದು ಅರಿವೆಯಲ್ಲಿ ಸುತ್ತಿಕೊಂಡು ಬಂದನು. ಊಟದ ಹೊತ್ತಿಗೆ ಮನೆಯ ಹಿರಿಯರೊಬ್ಬರು ಬಂದು, ಅವನ ಎಲೆಯನ್ನು ಹಂದರದ ಹೊರಗೆ ಹಾಕಿಸಿದರು. ಅವನು ಜಗಳವಾಡಲಿಲ್ಲ. ಗಂಟನ್ನು ತುಳಸಿಕಟ್ಟೆಯ ಮೇಲಿಟ್ಟು, ಉಣ್ಣದೆ ಎದ್ದು ಹೋದನು. ಒಳಗೆ ಅಕ್ಷತೆಯ ಗದ್ದಲದಲ್ಲಿದ್ದ ಮದುಮಗನಿಗೆ ಇದು ತಿಳಿದದ್ದು ಮರುದಿನ. ಶ್ರಾವಣ ಬಂದರೆ ಬಸವಪುರಾಣ ಹಚ್ಚಿ, ಹರಳಯ್ಯನವರ ಕಥೆಗೆ ಕಣ್ಣೀರು ಸುರಿಸುವ ಊರು ಅದು! ಪಂಕ್ತಿಯಲ್ಲಿ ಕಲಿತದ್ದು ಹಂದರದ ವರೆಗೆ ನಡೆದು ಬರಲಿಲ್ಲವೆಂದು ಶ್ರೀಗಳವರ ಸನ್ನಿಧಿಯಲ್ಲಿ ಹೇಳದೆ ಮತ್ತೆಲ್ಲಿ ಹೇಳಬೇಕು?

ತಾಯಂದಿರ ಸಂಗತಿ ಇನ್ನೂ ಬೇರೆ. ನಮ್ಮ ಭಾಗದ ಅನೇಕ ಮನೆತನಗಳಲ್ಲಿ ಮದುವೆಯಾದ ಸೊಸೆಗೆ ಹೊಸ ಹೆಸರಿಡುವ ವಾಡಿಕೆಯಿದೆ. ತಾಟಿನಲ್ಲಿ ಅಕ್ಕಿ ಹರವಿ, ಉಂಗುರದಿಂದ ಹೆಸರು ಬರೆಯುವರು. ನನ್ನ ತಂಗಿಯು ತನ್ನ ಹೈಸ್ಕೂಲಿನ ಗೆಳತಿಯನ್ನು ಹುಡುಕುತ್ತ ಇಚಲಕರಂಜಿಯ ವರೆಗೆ ಹೋದಳು. ತವರಿನ ಹೆಸರು ಹಿಡಿದು ಕೇಳಿದರೆ ಆ ಓಣಿಯಲ್ಲಿ ಒಬ್ಬರೂ ಅರಿಯರು. ಗೆಳತಿಯು ಬಹುಶಃ ಎರಡು ಮನೆಯ ಆಚೆಗೇ ಇದ್ದಿರಬಹುದು.

ಶರಣರ ಸಂಗವೂ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಚದರಿತು. ಚೆನ್ನಬಸವಣ್ಣನವರು ಉಳವಿಯ ಅಡವಿಗೆ ಹೋದರು. ಅವರ ವಚನಗಳು ಮನೆಮನೆಗಳ ತಾಡೋಲೆಯ ಕಟ್ಟುಗಳಲ್ಲಿ ಉಳಿದವು. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಕೇಳಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರಗೆ ತಂದರು. ನಮ್ಮದು ಅಂಥ ದೊಡ್ಡ ಮಾತಲ್ಲ. ಆದರೆ ಕೇಳುತ್ತ ಹೋದರೆ ಸಿಕ್ಕುವದೆಂಬುದಕ್ಕೆ ಅದು ಆಧಾರವು. ಹೆಸರು, ತಂದೆ, ಊರು ಇಷ್ಟು ಬರೆದಿಟ್ಟ ಯಾದಿಯೊಂದು ನಮ್ಮ ಕೈಯಲ್ಲಿದೆ.

ಅದನ್ನು ಹಿಡಿದು ಈ ತಿಂಗಳು ನಾನು ಹುಡುಕಿದೆನು. ಕಾಗವಾಡದವನೂ ನಮ್ಮೂರವನೂ ಲಿಂಗೈಕ್ಯರಾದವರ—ಕಾಗವಾಡದವನಿಗೆ ಆ ಮಾತು ಸಲ್ಲದು, ಸ್ವರ್ಗಸ್ಥನೆನ್ನಬೇಕು—ಸಾಲಿಗೆ ಸೇರಿದ್ದಾರೆ. ನಿಪ್ಪಾಣಿಯವನು ಪುಣೆಯಲ್ಲಿ ಮಗನ ಮನೆಯಲ್ಲಿರುವನು. ದೂರವಾಣಿಯಲ್ಲಿ ನನ್ನ ದನಿ ಕೇಳಿ ಮೊದಲು ಕನ್ನಡದಲ್ಲಿ ಬೈದನು, ಆಮೇಲೆ ಅಡಿಗೆಯ ಅಜ್ಜನು ಯಾವಾಗ ತೀರಿಕೊಂಡನೆಂದು ಕೇಳಿದನು. ರಾಯಬಾಗದವನ ಮನೆ ಮಾರಾಟವಾಗಿದೆ, ಮುಂದಿನ ಸುಳಿವಿಲ್ಲ. ಹೊಳೆಸಾಲಿನವನು ಇಗೋ, ಈ ಸಭೆಯ ಮುಂದಿನ ಸಾಲಿನಲ್ಲಿಯೇ ಕುಳಿತಿರುವನು. ಆ ಚಪ್ಪಲಿಗಳನ್ನು ಅವನು ಒಂದು ದಿನವೂ ಮೆಟ್ಟಲಿಲ್ಲ. 2005ರ ಕೃಷ್ಣೆಯ ಮಹಾಪೂರದಲ್ಲಿ ಮನೆಯ ಸಾಮಾನು ಏರಿಸುವಾಗ ಅವನ್ನೂ ಅಟ್ಟಕ್ಕೆ ಏರಿಸಿದನಂತೆ.

ಅಥಣಿಯವನು ಇನ್ನೂ ಸಿಕ್ಕಿಲ್ಲ. ಅವನ ತಂದೆಯ ಹೆಸರೂ ಊರಿನ ಹೆಸರೂ ನನ್ನ ಕಿಸೆಯ ಚೀಟಿಯಲ್ಲಿವೆ. ತುಂಬಿದ ಸಭೆಯಲ್ಲಿ ಓದುವದು ಅವನಿಗೆ ರುಚಿಸಲಿಕ್ಕಿಲ್ಲವೆಂದು ಓದುವದಿಲ್ಲ. ಅಥಣಿ ಕಡೆಯ ಭಕ್ತರು ಪ್ರಸಾದಕ್ಕೆ ಏಳುವ ಮುಂಚೆ ನನ್ನನ್ನಾಗಲಿ, ಮುಂದಿನ ಸಾಲಿನ ಆ ನನ್ನ ಗೆಳೆಯನನ್ನಾಗಲಿ ಒಂದು ಗಳಿಗೆ ಕಾಣಬೇಕೆಂದು ಬಿನ್ನಹ.